ಅಡ್ಮಿನ್ ಪುಟದಲ್ಲಿ ಎರಡು ಜೆಕ್ವೆರಿ: ವಿಜೆಟ್ ಬರೆಯುವವರು ಯಾವ ದಾರಿ ಹಿಡಿಯಬೇಕು?

ಕ್ಯಾಲೆಂಡರ್, ಬಣ್ಣದ ಪೆಟ್ಟಿಗೆ, ಹುಡುಕಿ ಆರಿಸುವ ಡ್ರಾಪ್‌ಡೌನ್: ಇಂಥ ವಿಜೆಟ್ ಖಾಲಿ ಎಚ್‌ಟಿಎಂಎಲ್ ಪುಟದಲ್ಲಿ ಸರಾಗವಾಗಿ ಓಡುತ್ತದೆ, ಅಡ್ಮಿನ್ (ಸೈಟ್ ನಿರ್ವಹಣೆಯ ಪುಟಗಳು) ಫಾರ್ಮ್‌ಗೆ ಹಾಕಿದ ಕೂಡಲೇ ಮೊಂಡು ಹಿಡಿಯುತ್ತದೆ. ಕೆಲವೊಮ್ಮೆ ಇನ್ನೂ ವಿಚಿತ್ರ. ವಿಜೆಟ್ ಚೆನ್ನಾಗಿಯೇ ಇರುತ್ತದೆ, ಪಕ್ಕದಲ್ಲಿದ್ದ ಅಡ್ಮಿನ್‌ನದೇ ಆಟೋಕಂಪ್ಲೀಟ್ ನಿಂತುಹೋಗಿರುತ್ತದೆ. ಎರಡಕ್ಕೂ ಬೇರು ಒಂದೇ. ಅಡ್ಮಿನ್ ಆಗಲೇ ತನ್ನ ಲೈಬ್ರರಿಗಳನ್ನು, ಮುಖ್ಯವಾಗಿ ಜೆಕ್ವೆರಿಯನ್ನು ($ ಎಂಬ ಚಿಕ್ಕ ಹೆಸರಿನಿಂದ ಕರೆಯುವ ಜಾವಾಸ್ಕ್ರಿಪ್ಟ್ ಲೈಬ್ರರಿ), ಪುಟಕ್ಕೆ ತಂದಿದೆ, ವಿಜೆಟ್ ತನ್ನದನ್ನೂ ತರುತ್ತದೆ, ಎರಡೂ ವಿಂಡೋ (ಪುಟದ ಎಲ್ಲ ಸ್ಕ್ರಿಪ್ಟ್‌ಗಳಿಗೂ ಸಾಮಾನ್ಯವಾದ ಬ್ರೌಸರ್ ವಸ್ತು) ಮೇಲಿನ ಒಂದೇ ಹೆಸರಿಗೆ ಕೈ ಹಾಕುತ್ತವೆ.

ಪರಿಹಾರಗಳು ಐದಾರಿವೆ. ‘ಯಾವುದು ಹೆಚ್ಚು ಬೇಲಿ ಹಾಕುತ್ತದೆ’ ಎಂದು ನೋಡಿ ಆರಿಸುವುದು ವಾಡಿಕೆ, ಅದು ತಪ್ಪು ಅಳತೆ. ನಿಮ್ಮ ವಿಜೆಟ್ ಅಡ್ಮಿನ್ ಜೊತೆ ಏನನ್ನು ಹಂಚಿಕೊಳ್ಳಲೇಬೇಕು ಎಂಬುದನ್ನು ಮೊದಲು ಕೇಳಿಕೊಳ್ಳಿ: ಅದರ ಈವೆಂಟ್‌ಗಳೇ, ಅದರ ಪ್ಲಗಿನ್‌ಗಳೇ, ಬರೀ ಒಂದು ಇನ್‌ಪುಟ್‌ನ ಬೆಲೆಯೇ (ವ್ಯಾಲ್ಯೂ)? ಬೇಲಿ ಎಷ್ಟು ಎತ್ತರ ಬೇಕು ಎಂಬುದು ಆ ಉತ್ತರದಿಂದ ಬರಬೇಕು. ಮುಂದಿನ ಉದಾಹರಣೆಗಳು ಹೆಚ್ಚಾಗಿ ಜಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಅಡ್ಮಿನ್‌ನವು, ಅಲ್ಲಲ್ಲಿ ವರ್ಡ್‌ಪ್ರೆಸ್‌ನವು. ಕೋಡ್ ಹೆಸರುಗಳನ್ನೂ ಕನ್ನಡದಲ್ಲೇ ಬರೆದಿದೆ, ಎಡಿಟರ್‌ನಲ್ಲಿ ಎಂದಿನ ಕಾಗುಣಿತ ಬಳಸಿ.

ಮೊದಲು ಕನ್ಸೋಲ್

ದೋಷ ಸಂದೇಶದ ಪದಗಳನ್ನು ಸರಿಯಾಗಿ ಓದಿದರೆ ಅರ್ಧ ಕೆಲಸ ಮುಗಿಯಿತು. ‘$ ಈಸ್ ನಾಟ್ ಡಿಫೈನ್ಡ್’ ಎಂದರೆ ಆ ಹೆಸರು ಪುಟದಲ್ಲಿ ಹುಟ್ಟೇ ಇಲ್ಲ. ಫೈಲ್ ಲೋಡ್ ಆಗಿಲ್ಲ, ಅಥವಾ ನಿಮ್ಮ ಸ್ಕ್ರಿಪ್ಟ್ ಅದಕ್ಕಿಂತ ಮೊದಲು ಓಡಿದೆ. ‘$ ಈಸ್ ನಾಟ್ ಎ ಫಂಕ್ಷನ್’ ಎಂದರೆ ಹೆಸರು ಇದೆ, ಅದರೊಳಗೆ ಜೆಕ್ವೆರಿ ಇಲ್ಲ. ನೋಕಾನ್‌ಫ್ಲಿಕ್ಟ್ (ಜೆಕ್ವೆರಿ ತನ್ನ ಹೆಸರನ್ನು ಬಿಟ್ಟುಕೊಡುವ ಮೆಥಡ್) ಕರೆದ ಮೇಲೆ ಹೀಗಾಗುತ್ತದೆ: ವಿಂಡೋ ಮೇಲೆ $ ಎಂಬ ಪ್ರಾಪರ್ಟಿ ಉಳಿದಿರುತ್ತದೆ, ಬೆಲೆ ಮಾತ್ರ ಅನ್‌ಡಿಫೈನ್ಡ್. ಅಡ್ಮಿನ್ ಪುಟಗಳಲ್ಲಿ ಎರಡನೆಯದೇ ಹೆಚ್ಚು ಕಾಣುವುದಕ್ಕೆ ಕಾರಣ ಇದು. ಮೂರನೆಯದು ‘ಸೆಲೆಕ್ಟ್2 ಈಸ್ ನಾಟ್ ಎ ಫಂಕ್ಷನ್’ ಬಗೆಯದು (ಸೆಲೆಕ್ಟ್2 ಎಂಬುದು ಜೆಕ್ವೆರಿಯ ಡ್ರಾಪ್‌ಡೌನ್ ಪ್ಲಗಿನ್). ಇಲ್ಲಿ ಜೆಕ್ವೆರಿ ಇದೆ, ಪ್ಲಗಿನ್ ಕೂಡ ಲೋಡ್ ಆಗಿದೆ, ಆದರೆ ಅದು ಅಂಟಿಕೊಂಡಿರುವುದು ಇನ್ನೊಂದು ಪ್ರತಿಗೆ.

ಒಂದು ಮೋಸದ ಬಗ್ಗೆ ಎಚ್ಚರ. ಪುಟದಲ್ಲಿ $ ಇಲ್ಲದಿದ್ದರೂ ಬ್ರೌಸರ್‌ನ ಕನ್ಸೋಲ್ ತನ್ನದೇ ಒಂದು $ ಕೊಡುತ್ತದೆ, ಅದು ಡಾಕ್ಯುಮೆಂಟ್.ಕ್ವೆರಿಸೆಲೆಕ್ಟರ್‌ನ ಅಡ್ಡಹೆಸರು ಅಷ್ಟೇ. ಕನ್ಸೋಲ್‌ನಲ್ಲಿ $ ಹೊಡೆದು ‘ಇದೆಯಲ್ಲ!’ ಎಂದುಕೊಂಡು ಗಂಟೆಗಟ್ಟಲೆ ಹುಡುಕುವವರು ಇದ್ದಾರೆ. $ ಬಿಟ್ಟು ಈ ಮೂರನ್ನು ಕೇಳಿ (ಜಾಂಗೋ.ಜೆಕ್ವೆರಿ ಎಂದರೆ ಅಡ್ಮಿನ್ ತನಗಾಗಿ ಇಟ್ಟುಕೊಂಡ ಪ್ರತಿ):

ವಿಂಡೋ.ಜೆಕ್ವೆರಿ && ವಿಂಡೋ.ಜೆಕ್ವೆರಿ.ಎಫ್ಎನ್.ಜೆಕ್ವೆರಿ
ಜಾಂಗೋ.ಜೆಕ್ವೆರಿ.ಎಫ್ಎನ್.ಜೆಕ್ವೆರಿ
ವಿಂಡೋ.ಜೆಕ್ವೆರಿ === ಜಾಂಗೋ.ಜೆಕ್ವೆರಿ

ಮೊದಲೆರಡು ಆವೃತ್ತಿಯ ಸಂಖ್ಯೆ ಕೊಡುತ್ತವೆ, ಮೂರನೆಯದು ಎರಡೂ ಒಂದೇ ವಸ್ತುವೇ ಎಂದು ಹೇಳುತ್ತದೆ. ಆವೃತ್ತಿ ಒಂದೇ ಇದ್ದರೂ ಪ್ರತಿ ಬೇರೆಯಾಗಿರಬಹುದು, ಹಾಗಾಗಿ ಮೂರನೆಯದನ್ನು ಬಿಡಬೇಡಿ. ಎರಡನೆಯ ಪ್ರತಿಯನ್ನು ತಂದವರು ಯಾರು ಎಂದು ತಿಳಿಯಲು ನೆಟ್‌ವರ್ಕ್ ಫಲಕದಲ್ಲಿ ಜೆಕ್ವೆರಿ ಎಂದು ಫಿಲ್ಟರ್ ಮಾಡಿ. ಅದು ಯಾವುದೋ ಬಂಡಲ್‌ನೊಳಗೆ (ಹಲವು ಸ್ಕ್ರಿಪ್ಟ್‌ಗಳನ್ನು ಒಟ್ಟುಗೂಡಿಸಿದ ಫೈಲ್) ಅಡಗಿದ್ದರೆ ಫೈಲ್ ಹೆಸರಲ್ಲಿ ಸಿಗುವುದಿಲ್ಲ. ಆಗ ಪುಟದ ಹೆಡ್‌ನ ಮೊದಲ ಸ್ಕ್ರಿಪ್ಟ್ ಆಗಿ ಒಂದು ಬಲೆ ಹಾಕಿ: ಆಬ್ಜೆಕ್ಟ್.ಡಿಫೈನ್‌ಪ್ರಾಪರ್ಟಿ ಬಳಸಿ ವಿಂಡೋ.ಜೆಕ್ವೆರಿಗೆ ಒಂದು ಸೆಟ್ಟರ್, ಒಂದು ಗೆಟ್ಟರ್ ಕೊಟ್ಟು, ಸೆಟ್ಟರ್‌ನೊಳಗೆ ಕನ್ಸೋಲ್.ಟ್ರೇಸ್ ಬರೆಯಿರಿ. ಯಾರು ಯಾವ ಸಾಲಿನಿಂದ ಆ ಹೆಸರನ್ನು ಬದಲಿಸುತ್ತಾರೋ ಅಷ್ಟೂ ಸ್ಟ್ಯಾಕ್ ಸಮೇತ ಸಿಗುತ್ತದೆ. ಕೆಲಸ ಮುಗಿದ ಮೇಲೆ ಬಲೆ ತೆಗೆಯಲು ಮರೆಯಬೇಡಿ.

ದಾರಿ ಒಂದು: ಅಡ್ಮಿನ್ ತಂದದ್ದನ್ನೇ ಬಳಸುವುದು

ಎಲ್ಲಕ್ಕಿಂತ ಅಗ್ಗದ ದಾರಿ ಇದು, ಮೊದಲು ಪ್ರಯತ್ನಿಸಬೇಕಾದದ್ದೂ ಇದೇ. ಜಾಂಗೋದಲ್ಲಿ ನಿಮ್ಮ ಕೋಡನ್ನು ಒಂದು ಫಂಕ್ಷನ್‌ನೊಳಗೆ ಸುತ್ತಿ, ಕೊನೆಯಲ್ಲಿ ಜಾಂಗೋ.ಜೆಕ್ವೆರಿಯನ್ನು ಆರ್ಗ್ಯುಮೆಂಟ್ ಆಗಿ ಕೊಟ್ಟರೆ ಒಳಗೆಲ್ಲ $ ನಿರಾತಂಕವಾಗಿ ಬಳಸಬಹುದು. ವರ್ಡ್‌ಪ್ರೆಸ್‌ನಲ್ಲಿ ಅದೇ ಸುತ್ತು, ಕೊಡುವುದು ವಿಂಡೋ.ಜೆಕ್ವೆರಿ, ಸ್ಕ್ರಿಪ್ಟ್ ಎನ್‌ಕ್ಯೂ ಮಾಡುವಾಗ ಅವಲಂಬನೆಗಳ ಪಟ್ಟಿಯಲ್ಲಿ ಜೆಕ್ವೆರಿ ಸೇರಿಸಬೇಕು.

ಜಾಂಗೋ ವಿಜೆಟ್‌ನ ಮೀಡಿಯಾ ಪಟ್ಟಿಯಲ್ಲಿ (ಅದಕ್ಕೆ ಬೇಕಾದ ಸ್ಕ್ರಿಪ್ಟ್, ಸ್ಟೈಲ್ ಫೈಲ್‌ಗಳ ಪಟ್ಟಿ) ಮೊದಲ ಹೆಸರಾಗಿ, ಜಾಂಗೋ.ಜೆಕ್ವೆರಿ ಎಂಬ ಹೆಸರು ಹುಟ್ಟಿಸುವ ಅಡ್ಮಿನ್/ಜೆಎಸ್/ಜೆಕ್ವೆರಿ.ಇನಿಟ್.ಜೆಎಸ್ ಹಾಕಿ, ಆಮೇಲೆ ನಿಮ್ಮ ಫೈಲ್. ಇದನ್ನು ಬಿಟ್ಟರೆ ನಿಮ್ಮ ಸ್ಕ್ರಿಪ್ಟ್ ಇನಿಟ್‌ಗಿಂತ ಮೊದಲೇ ಬಂದು, ಜಾಂಗೋ ಎಂಬ ಹೆಸರೇ ಸಿಗದೆ ಮುಗ್ಗರಿಸಬಹುದು.

ಬಹಳ ಜನ ಎಡವುವ ಜಾಗ ಇನ್ನೊಂದಿದೆ. ಕೆಲವರು ಹುಷಾರಿಗೆಂದು ಇನಿಟ್ ಜೊತೆಗೆ ವೆಂಡರ್ ಫೋಲ್ಡರ್‌ನ ಜೆಕ್ವೆರಿ.ಜೆಎಸ್ ಅನ್ನೂ ಪಟ್ಟಿಗೆ ಸೇರಿಸುತ್ತಾರೆ. ಡೀಬಗ್ ಟ್ರೂ ಇರುವಾಗ ಅಡ್ಮಿನ್ ಕೂಡ ಅದೇ ಫೈಲನ್ನು ಕೇಳುವುದರಿಂದ ಒಂದೇ ಬಾರಿ ಲೋಡ್ ಆಗಿ ಎಲ್ಲ ಚೆನ್ನಾಗಿರುತ್ತದೆ. ಡೀಬಗ್ ಫಾಲ್ಸ್ ಆದ ಕೂಡಲೇ ಅಡ್ಮಿನ್ ಜೆಕ್ವೆರಿ.ಮಿನ್.ಜೆಎಸ್ ಕೇಳುತ್ತದೆ, ನಿಮ್ಮ ವಿಜೆಟ್ ಮಾತ್ರ ಜೆಕ್ವೆರಿ.ಜೆಎಸ್ ಎಂದೇ ಹಟ ಹಿಡಿದಿರುತ್ತದೆ. ಹೆಸರು ಬೇರೆಯಾದ್ದರಿಂದ ಎರಡೂ ಬರುತ್ತವೆ. ‘ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿ, ಸರ್ವರ್‌ನಲ್ಲಿ ಇಲ್ಲ’ ಎಂಬ ದೂರು ಬಂದರೆ ಮೊದಲು ಈ ಸಾಲು ನೋಡಿ. ಇನಿಟ್ ಒಂದೇ ಸಾಕು.

ಈ ದಾರಿಯ ಬೆಲೆ: ಅಡ್ಮಿನ್‌ನ ಆವೃತ್ತಿಗೆ ನೀವು ಕಟ್ಟುಬೀಳುತ್ತೀರಿ. ಜಾಂಗೋ 2.1ರಲ್ಲಿ ಜೆಕ್ವೆರಿ 2.2.3ರಿಂದ 3.3.1ಕ್ಕೆ ಹಾರಿತು. ವರ್ಡ್‌ಪ್ರೆಸ್ 5.5 ಹಳೆಯ ಮೈಗ್ರೇಟ್ ಫೈಲನ್ನು (ಕೈಬಿಟ್ಟ ಜೆಕ್ವೆರಿ ಕರೆಗಳಿಗೆ ಆಸರೆ ಕೊಡುವ ಫೈಲ್) ಕೈಬಿಟ್ಟಿತು. 2020ರ ಡಿಸೆಂಬರ್‌ನಲ್ಲಿ ಬಂದ 5.6 ಜೆಕ್ವೆರಿ 3.5.1ಕ್ಕೆ ಏರಿತು. ಜೆಕ್ವೆರಿ 1.9ರಲ್ಲಿ .ಲೈವ್() ಮತ್ತು $.ಬ್ರೌಸರ್ ಹೋಗಿವೆ, 3.0ದಲ್ಲಿ .ಸೈಜ್() ಮತ್ತು .ಆಂಡ್‌ಸೆಲ್ಫ್() ಹೋಗಿವೆ. 3.5ರಿಂದ ಸ್ವತಃ ಮುಚ್ಚಿಕೊಳ್ಳುವ <ಡಿವ್/> ಬಗೆಯ ತುಣುಕುಗಳು ಮೊದಲಿನಂತೆ ಬಿಡಿಸಿಕೊಳ್ಳುವುದಿಲ್ಲ. ಹಾಗೆ ಬರೆದ ಎರಡು ಡಿವ್‌ಗಳು ಅಕ್ಕಪಕ್ಕ ನಿಲ್ಲುವ ಬದಲು ಒಂದರೊಳಗೊಂದು ಸೇರುತ್ತವೆ. ನಿಮ್ಮ ಪ್ಲಗಿನ್‌ನ ಸೋರ್ಸ್‌ನಲ್ಲಿ ಈ ನಾಲ್ಕೈದು ಹೆಸರುಗಳನ್ನು ಹುಡುಕಿ. ಒಂದೆರಡೇ ಸಿಕ್ಕರೆ ತಿದ್ದಿಬಿಡಿ, ಎರಡನೇ ಪ್ರತಿ ತರುವುದಕ್ಕಿಂತ ಅದು ಸುಲಭ. ಮೈಗ್ರೇಟ್ 3.x ಸೇರಿಸಿದರೆ ಯಾವ ಹಳೆಯ ಕರೆ ಎಲ್ಲಿದೆ ಎಂದು ಕನ್ಸೋಲ್‌ನಲ್ಲಿ ಎಚ್ಚರಿಸುತ್ತದೆ. ಅದನ್ನು ಪರೀಕ್ಷೆಗೆ ಬಳಸಿ, ಕಾಯಂ ಊರುಗೋಲಾಗಿ ಇಟ್ಟುಕೊಳ್ಳಬೇಡಿ.

ಅಡ್ಮಿನ್‌ನ ಪ್ರತಿಯನ್ನೇ ಕಿತ್ತು ನಿಮಗೆ ಬೇಕಾದ ಆವೃತ್ತಿ ಹಾಕುವುದು ಆಯ್ಕೆಯೇ ಅಲ್ಲ. ವರ್ಡ್‌ಪ್ರೆಸ್ 3.6ರಿಂದ ಅಡ್ಮಿನ್ ಒಳಗೆ ಜೆಕ್ವೆರಿಯನ್ನು ಡಿರಿಜಿಸ್ಟರ್ ಮಾಡಲು ಬಿಡುವುದಿಲ್ಲ, ಎಚ್ಚರಿಕೆ ಕೊಟ್ಟು ಕೋರಿಕೆಯನ್ನು ತಳ್ಳಿಹಾಕುತ್ತದೆ. ಒಳ್ಳೆಯದೇ ಮಾಡಿದೆ.

ದಾರಿ ಎರಡು: ಸ್ವಂತ ಪ್ರತಿ ತಂದು ನೋಕಾನ್‌ಫ್ಲಿಕ್ಟ್ ಮಾಡುವುದು

ಪ್ಲಗಿನ್ ಹಳೆಯದು, ತಿದ್ದಲು ಬಾರದು, ಅದಕ್ಕೆ ಜೆಕ್ವೆರಿ 1.12 ಬೇಕೇ ಬೇಕು ಎಂದಾಗ ಜನ ಹಿಡಿಯುವ ದಾರಿ ಇದು. ಹೆಸರು ಕೇಳಿದರೆ ಮಂತ್ರದಂತಿದ್ದರೂ ನೋಕಾನ್‌ಫ್ಲಿಕ್ಟ್ ಮಾಡುವುದು ಇಷ್ಟೇ: ಜೆಕ್ವೆರಿ ಫೈಲ್ ಓಡುವ ಗಳಿಗೆಯಲ್ಲಿ ವಿಂಡೋ.$ ಮತ್ತು ವಿಂಡೋ.ಜೆಕ್ವೆರಿ ಒಳಗೆ ಏನಿತ್ತೋ ಅದನ್ನು ನೆನಪಿಟ್ಟುಕೊಂಡಿರುತ್ತದೆ. ನೀವು ಕರೆದಾಗ $ ಅನ್ನು ಹಿಂದಿನದಕ್ಕೆ ಮರಳಿಸಿ, ತನ್ನನ್ನು ತಾನು ನಿಮ್ಮ ಕೈಗೆ ಕೊಡುತ್ತದೆ. ಟ್ರೂ ಕೊಟ್ಟು ಕರೆದರೆ ಜೆಕ್ವೆರಿ ಎಂಬ ಹೆಸರನ್ನೂ ಮರಳಿಸುತ್ತದೆ. ನೆನಪು ಒಂದೇ ಹೆಜ್ಜೆಯದು. ಲೋಡ್ ಕ್ರಮ ತಪ್ಪಿದರೆ ತಪ್ಪು ವಸ್ತು ತಪ್ಪು ಕೈಗೆ ಹೋಗುತ್ತದೆ.

ಜಾಂಗೋದಲ್ಲಿ ಇದು ಹೇಗೆ ಎಡವುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ವಿಜೆಟ್‌ನ ಮೀಡಿಯಾದಲ್ಲಿ ಮೊದಲು ನಿಮ್ಮ ಜೆಕ್ವೆರಿ 1.12, ಆಮೇಲೆ ಪ್ಲಗಿನ್ ಎಂದು ಬರೆದಿದ್ದೀರಿ. ಅಡ್ಮಿನ್‌ನ ಪಟ್ಟಿಯಲ್ಲಿ ಮೊದಲು ಅದರ ಜೆಕ್ವೆರಿ, ಆಮೇಲೆ ಇನಿಟ್, ಆಮೇಲೆ ಉಳಿದವು. ಜಾಂಗೋ ಈ ಪಟ್ಟಿಗಳನ್ನು ಒಂದರ ಹಿಂದೆ ಒಂದು ಜೋಡಿಸುವುದಿಲ್ಲ. 2.2ರಿಂದ ಈಚೆಗೆ ಅದು ಟೋಪಾಲಜಿಕಲ್ ಸಾರ್ಟ್ ಮಾಡುತ್ತದೆ: ಯಾರನ್ನೂ ಕಾಯಬೇಕಿಲ್ಲದ ಫೈಲ್‌ಗಳೆಲ್ಲ ಮೊದಲ ಪದರ, ಅವುಗಳ ಹಿಂದಿನವು ಎರಡನೇ ಪದರ, ಹೀಗೆ. ನಿಮ್ಮ ಜೆಕ್ವೆರಿ ನಿಮ್ಮ ಪಟ್ಟಿಯ ತಲೆಯಲ್ಲಿದೆ, ಅದು ಯಾರನ್ನೂ ಕಾಯಬೇಕಿಲ್ಲ. ಹಾಗಾಗಿ ಅದು ಮೊದಲ ಪದರದಲ್ಲಿ, ಅಡ್ಮಿನ್‌ನ ಜೆಕ್ವೆರಿಯ ಬೆನ್ನಿಗೇ ಬಂದು, ಇನಿಟ್‌ಗಿಂತ ಮುಂಚೆ ಕೂರುತ್ತದೆ.

ಈಗ ಓಡಿಸಿ ನೋಡಿ. ಅಡ್ಮಿನ್‌ನ 3.x ಬಂತು, ವಿಂಡೋ.ಜೆಕ್ವೆರಿ ಅದರದಾಯಿತು. ನಿಮ್ಮ 1.12 ಬಂತು, 3.x ಅನ್ನು ನೆನಪಿಗೆ ತಳ್ಳಿ ಹೆಸರನ್ನು ತಾನು ಹಿಡಿಯಿತು. ಇನಿಟ್ ಓಡಿತು. ಅದು ಕರೆದದ್ದು ಜೆಕ್ವೆರಿ.ನೋಕಾನ್‌ಫ್ಲಿಕ್ಟ್(ಟ್ರೂ), ಆ ಹೊತ್ತಿಗೆ ಜೆಕ್ವೆರಿ ಎಂದರೆ ನಿಮ್ಮ 1.12! ಹೀಗಾಗಿ ಜಾಂಗೋ.ಜೆಕ್ವೆರಿ ಒಳಗೆ 1.12 ಕೂತಿತು, ವಿಂಡೋ.ಜೆಕ್ವೆರಿಗೆ 3.x ಮರಳಿತು. ಆಮೇಲೆ ಬಂದ ನಿಮ್ಮ ಪ್ಲಗಿನ್ 3.xಗೆ ಅಂಟಿಕೊಂಡಿತು. ಮಗು ಅದಲುಬದಲಾದ ಕಥೆ ಇದು: ಅಡ್ಮಿನ್ ಪೂರ್ತಿ 1.12ರ ಮೇಲೆ ಓಡುತ್ತಿದೆ, ನಿಮ್ಮ ಪ್ಲಗಿನ್ ತನಗೆ ಆಗಿಬಾರದ 3.xನ ಮೇಲೆ. ದೋಷ ಸಂದೇಶ ಬರಬಹುದು, ಬಾರದೆಯೂ ಇರಬಹುದು. ಬಾರದಿದ್ದಾಗಲೇ ಹೆಚ್ಚು ಅಪಾಯ. ಇನ್ನೊಂದು ರೂಪವೂ ಇದೆ. ನಿಮ್ಮ ಪ್ರತಿ ಸೆಲೆಕ್ಟ್2ರ ನಂತರ, ಇನಿಟ್‌ಗಿಂತ ಮೊದಲು ಬಂದರೆ, ಸೆಲೆಕ್ಟ್2 ಅಂಟಿಕೊಂಡಿರುವುದು ಹಳೆಯ ಮಾಲೀಕನಿಗೆ, ಜಾಂಗೋ.ಜೆಕ್ವೆರಿ ಆಗಿರುವುದು ಹೊಸಬ. ಆಟೋಕಂಪ್ಲೀಟ್ ಫೀಲ್ಡ್‌ಗಳೆಲ್ಲ ಬೋಳು ಪೆಟ್ಟಿಗೆಗಳಾಗಿ ಉಳಿಯುತ್ತವೆ.

ಸರಿಪಡಿಸಲು ಎರಡು ಕೆಲಸ. ಒಂದು, ವಿಜೆಟ್‌ನ ಪಟ್ಟಿಯ ತಲೆಗೆ ಇನಿಟ್ ಹಾಕಿ, ಆಗ ನಿಮ್ಮ ಪ್ರತಿ ಅದರ ಹಿಂದೆಯೇ ಬರುತ್ತದೆ. ಎರಡು, ನಿಮ್ಮ ಜೆಕ್ವೆರಿ, ಪ್ಲಗಿನ್, ಬಿಡುಗಡೆಯ ಸಾಲು (ವಿಂಡೋ.ನಮ್ಮಜೆಕ್ವೆರಿ = ಜೆಕ್ವೆರಿ.ನೋಕಾನ್‌ಫ್ಲಿಕ್ಟ್(ಟ್ರೂ)), ಈ ಮೂರನ್ನೂ ಇದೇ ಕ್ರಮದಲ್ಲಿ ಒಂದೇ ಫೈಲ್‌ಗೆ ಅಂಟಿಸಿ. ಮೂರು ಫೈಲ್‌ಗಳಾಗಿ ಬಿಟ್ಟರೆ ಪದರ ಪದರವಾಗಿ ಜೋಡಿಸುವಾಗ ಇನ್ನೊಂದು ವಿಜೆಟ್‌ನ ಫೈಲ್ ನಡುವೆ ನುಸುಳುತ್ತದೆ. ಒಂದೇ ಫೈಲ್‌ನ ನಡುವೆ ಯಾರೂ ನುಸುಳಲಾರರು. ಬಿಡುಗಡೆಯ ಸಾಲು ಪ್ಲಗಿನ್‌ನ ನಂತರವೇ ಇರಬೇಕು. ಮೊದಲೇ ಕರೆದರೆ ಪ್ಲಗಿನ್‌ಗೆ ಅಂಟಿಕೊಳ್ಳಲು ಯಾರೂ ಇರುವುದಿಲ್ಲ.

ಎರಡು ಪ್ಯಾಕೇಜ್‌ಗಳು ಒಂದೇ ಎರಡು ಫೈಲ್‌ಗಳನ್ನು ತಿರುಗುಮುರುಗು ಕ್ರಮದಲ್ಲಿ ಕೇಳಿದರೆ ಜಾಂಗೋ ಮೀಡಿಯಾಆರ್ಡರ್‌ಕಾನ್‌ಫ್ಲಿಕ್ಟ್‌ವಾರ್ನಿಂಗ್ ಕೊಡುತ್ತದೆ. ಟರ್ಮಿನಲ್‌ನಲ್ಲಿ ಅದು ಕಂಡರೆ ಕಡೆಗಣಿಸಬೇಡಿ. ಸಾರ್ಟ್ ಕೈಬಿಟ್ಟು, ಸಿಕ್ಕ ಕ್ರಮದಲ್ಲೇ ಜೋಡಿಸಿದ್ದೇನೆ ಎಂದು ಅದರರ್ಥ.

ಹೆಸರಿನ ಜಗಳ ಮುಗಿದರೂ ಕಿವುಡು ಉಳಿಯುತ್ತದೆ

ಎರಡು ಪ್ರತಿಗಳು ಶಾಂತವಾಗಿ ಬಾಳುತ್ತಿವೆ ಎಂದುಕೊಳ್ಳಿ. ಆಗಲೂ ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ. ದಾರಿ ಆರಿಸುವಾಗ ಹೆಚ್ಚು ತೂಕ ಕೊಡಬೇಕಾದದ್ದು ಇದಕ್ಕೇ, ಮಾರ್ಗದರ್ಶಿಗಳು ಹೆಚ್ಚಾಗಿ ಬಿಟ್ಟುಬಿಡುವುದೂ ಇದನ್ನೇ.

ಜೆಕ್ವೆರಿಯ .ಟ್ರಿಗರ್() ಬ್ರೌಸರ್‌ನ ನಿಜವಾದ ಈವೆಂಟ್ ಹುಟ್ಟಿಸುವುದಿಲ್ಲ. ತನ್ನದೇ ಪಟ್ಟಿಯಲ್ಲಿ ನೋಂದಾಯಿತವಾದ ಹ್ಯಾಂಡ್ಲರ್‌ಗಳನ್ನು ಕರೆಯುತ್ತದೆ. ಕ್ಲಿಕ್, ಫೋಕಸ್‌ನಂಥವಕ್ಕೆ ಎಲಿಮೆಂಟ್‌ನ ಸ್ವಂತ ಮೆಥಡ್ ಕರೆಯುವುದುಂಟು, ಚೇಂಜ್‌ಗೆ ಅಂಥ ಮೆಥಡ್ ಇಲ್ಲ. ಆದ್ದರಿಂದ ಒಂದು ಪ್ರತಿ ಚೇಂಜ್ ಟ್ರಿಗರ್ ಮಾಡಿದರೆ ಇನ್ನೊಂದು ಪ್ರತಿಗೂ ಕೇಳಿಸದು, ಸಾದಾ ಆಡ್‌ಈವೆಂಟ್‌ಲಿಸನರ್‌ಗೂ ಕೇಳಿಸದು. ಅಡ್ಮಿನ್‌ನಲ್ಲಿ ಇದು ಎಲ್ಲಿ ಕಚ್ಚುತ್ತದೆ? ಫಾರಿನ್ ಕೀ (ಇನ್ನೊಂದು ದಾಖಲೆಯನ್ನು ಆರಿಸುವ ಫೀಲ್ಡ್) ಪಕ್ಕದ ಹಸಿರು ಪ್ಲಸ್ ಒತ್ತಿ ಪಾಪ್‌ಅಪ್‌ನಲ್ಲಿ ಹೊಸ ದಾಖಲೆ ಸೇರಿಸಿದಾಗ ಜಾಂಗೋ ತನ್ನ ಜೆಕ್ವೆರಿಯಿಂದ ಚೇಂಜ್ ಟ್ರಿಗರ್ ಮಾಡುತ್ತದೆ. ಸೆಲೆಕ್ಟ್2ರಲ್ಲಿ ಆಯ್ಕೆ ಬದಲಿಸಿದಾಗಲೂ ಹಾಗೆಯೇ. ನಿಮ್ಮ ಖಾಸಗಿ ಪ್ರತಿಯಿಂದ ಕಿವಿ ಕೊಟ್ಟು ಕೂತ ವಿಜೆಟ್‌ಗೆ ಏನೂ ತಿಳಿಯದು.

ಇನ್‌ಲೈನ್ ಸಾಲುಗಳದ್ದೂ (ಅದೇ ಫಾರ್ಮ್‌ನೊಳಗೆ ಬರುವ ಸಂಬಂಧಿತ ದಾಖಲೆಗಳು) ಇದೇ ಗೋಳು. ‘ಇನ್ನೊಂದು ಸೇರಿಸಿ’ ಒತ್ತಿದಾಗ ಬರುವ ಫಾರ್ಮ್‌ಸೆಟ್:ಆಡೆಡ್ ಈವೆಂಟ್ ಜಾಂಗೋ 4.1ಕ್ಕಿಂತ ಹಿಂದೆ ಜಾಂಗೋ.ಜೆಕ್ವೆರಿಯ ಈವೆಂಟ್ ಆಗಿತ್ತು, ಬೇರೆ ಪ್ರತಿಯಿಂದ ಕೇಳಿದರೆ ನಿಶ್ಶಬ್ದ. 4.1ರಿಂದ ಅದು ನಿಜವಾದ ಬ್ರೌಸರ್ ಈವೆಂಟ್. ಯಾರು ಬೇಕಾದರೂ ಕೇಳಬಹುದು, ಆದರೆ ಮಾಹಿತಿ ಸಿಗುವ ಜಾಗ ಬದಲಾಗಿದೆ: ಹಿಂದೆ ಹ್ಯಾಂಡ್ಲರ್‌ಗೆ ಎರಡನೇ ಆರ್ಗ್ಯುಮೆಂಟ್ ಆಗಿ ಸಾಲು, ಮೂರನೆಯದಾಗಿ ಫಾರ್ಮ್‌ಸೆಟ್ ಹೆಸರು, ಈಗ ಈವೆಂಟ್.ಟಾರ್ಗೆಟ್ ಸಾಲು, ಈವೆಂಟ್.ಡೀಟೇಲ್.ಫಾರ್ಮ್‌ಸೆಟ್‌ನೇಮ್ ಹೆಸರು. ಎರಡೂ ಕಾಲಕ್ಕೆ ನಡೆಯುವ ಪ್ಯಾಕೇಜ್ ಬರೆಯುವುದಾದರೆ ಜಾಂಗೋ.ಜೆಕ್ವೆರಿಯಿಂದಲೇ ಕೇಳಿ, ಒಳಗೆ ಡೀಟೇಲ್ ಇದೆಯೇ ನೋಡಿ ಕವಲೊಡೆಯಿರಿ. (ಹೊಸ ಸಾಲಿನಲ್ಲಿ ವಿಜೆಟ್ ಸತ್ತಿರುವುದಕ್ಕೆ ಲೈಬ್ರರಿಗೆ ಸಂಬಂಧವೇ ಇಲ್ಲದ ಕಾರಣವೂ ಉಂಟು. ಪುಟ ತೆರೆದಾಗಲೇ ಅಡಗಿದ ಮಾದರಿ ಸಾಲಿಗೂ ವಿಜೆಟ್ ಹಚ್ಚಿದ್ದರೆ, ಅದರ ನಕಲಾಗಿ ಬರುವ ಸಾಲಿನಲ್ಲಿ ಬರೀ ಅಸ್ಥಿಪಂಜರ ಇರುತ್ತದೆ. ಐಡಿಯಲ್ಲಿ __ಪ್ರಿಫಿಕ್ಸ್__ ಇರುವ ಎಲಿಮೆಂಟ್‌ಗಳನ್ನು ಬಿಟ್ಟು ಹಚ್ಚಿ.)

.ಡೇಟಾ() ಕೂಡ ಪ್ರತಿಗೊಂದು ಗೋದಾಮು. ಒಂದರಲ್ಲಿ ಇಟ್ಟದ್ದು ಇನ್ನೊಂದರಲ್ಲಿ ಸಿಗದು. ಎಚ್‌ಟಿಎಂಎಲ್‌ನಲ್ಲೇ ಬರೆದ ಡೇಟಾ ಆಟ್ರಿಬ್ಯೂಟ್‌ಗಳು ಮಾತ್ರ ಎಲ್ಲರಿಗೂ ಕಾಣುತ್ತವೆ.

ಎರಡು ಪ್ರತಿಗಳ ನಡುವೆ ಮಾತುಕತೆ ಬೇಕೇ ಬೇಕಾದರೆ ಬ್ರೌಸರ್‌ನ ಭಾಷೆಯನ್ನೇ ಆಡಿ: ಬಬಲ್ಸ್ ಟ್ರೂ ಇರುವ ನಿಜವಾದ ಚೇಂಜ್ ಈವೆಂಟನ್ನು ಡಿಸ್‌ಪ್ಯಾಚ್‌ಈವೆಂಟ್ ಮೂಲಕ ಕಳಿಸಿ. ಅದು ಎಲ್ಲರಿಗೂ ಕೇಳಿಸುತ್ತದೆ. ಜಾಂಗೋ.ಜೆಕ್ವೆರಿಯಲ್ಲಿ ಚೇಂಜ್ ಕೇಳಿ, ಅದನ್ನೇ ನಿಜ ಈವೆಂಟ್ ಆಗಿ ಮರುಪ್ರಸಾರ ಮಾಡುವ ಸೇತುವೆ ಬರೆಯುವಾಗ ಒಂದು ತಡೆ ಇರಲಿ: ಈವೆಂಟ್.ಒರಿಜಿನಲ್‌ಈವೆಂಟ್ ಇದ್ದರೆ ಮರುಪ್ರಸಾರ ಬೇಡ. ಆ ಒಂದು ಸಾಲು ಮರೆತರೆ ಪ್ರತಿಧ್ವನಿಗೆ ಪ್ರತಿಧ್ವನಿ ಹುಟ್ಟಿ ಟ್ಯಾಬ್ ಸ್ತಬ್ಧವಾಗುತ್ತದೆ.

ದಾರಿ ಮೂರು: ಬಂಡಲ್

ಇಎಸ್‌ಬಿಲ್ಡ್, ರೋಲಪ್, ವೆಬ್‌ಪ್ಯಾಕ್, ಯಾವ ಬಂಡಲರ್ ಆದರೂ ಸರಿ. ವಿಜೆಟ್ ಮತ್ತು ಅದಕ್ಕೆ ಬೇಕಾದದ್ದೆಲ್ಲ ಒಂದು ಫಂಕ್ಷನ್‌ನೊಳಗೆ, ಹೊರಗೆ ಯಾವ ಹೆಸರೂ ಇಲ್ಲ. ಜೆಕ್ವೆರಿಯನ್ನು ಬಂಡಲರ್ ಮೂಲಕ ತಂದಾಗ ಅದು ಕಾಮನ್‌ಜೆಎಸ್ ಪರಿಸರವೆಂದು ಗುರುತಿಸಿ ವಿಂಡೋ ಮೇಲೆ ಹೆಸರು ಬರೆಯುವುದೇ ಇಲ್ಲ. ಹೀಗಾಗಿ ನೋಕಾನ್‌ಫ್ಲಿಕ್ಟ್‌ನ ಅಗತ್ಯವೇ ಬೀಳುವುದಿಲ್ಲ. ಸ್ವಂತ ಪ್ರತಿ ಬೇಕೆಂದಾದರೆ ದಾರಿ ಎರಡಕ್ಕಿಂತ ಇದು ಮೇಲು.

ತೊಡಕು ಬರುವುದು ಹಳೆಯ ಪ್ಲಗಿನ್‌ಗಳಲ್ಲಿ. ಅವು ಏನನ್ನೂ ಇಂಪೋರ್ಟ್ ಮಾಡದೆ ನೇರ ಜೆಕ್ವೆರಿ ಎಂಬ ಗ್ಲೋಬಲ್ ಹೆಸರನ್ನು ಹುಡುಕುತ್ತವೆ. ವೆಬ್‌ಪ್ಯಾಕ್‌ನ ಪ್ರೊವೈಡ್‌ಪ್ಲಗಿನ್ ಅಥವಾ ಇಎಸ್‌ಬಿಲ್ಡ್‌ನ ಇಂಜೆಕ್ಟ್ ಆಯ್ಕೆ ಆ ಹೆಸರಿಗೆ ನಿಮ್ಮ ಪ್ರತಿಯನ್ನು ಕಟ್ಟಿಕೊಡುತ್ತದೆ.

ಬಂಡಲ್ ಎಂದರೆ ಎಲ್ಲವನ್ನೂ ಒಳಗೆ ತುಂಬಲೇಬೇಕೆಂದಿಲ್ಲ. ಜೆಕ್ವೆರಿ ಎಂಬ ಇಂಪೋರ್ಟನ್ನು ಜಾಂಗೋ.ಜೆಕ್ವೆರಿ ಕೊಡುವ ಒಂದೇ ಸಾಲಿನ ಫೈಲ್‌ಗೆ ತಿರುಗಿಸಿದರೆ, ಪ್ಲಗಿನ್ ಬಂಡಲ್‌ನೊಳಗಿದ್ದೂ ಅಡ್ಮಿನ್‌ನ ಪ್ರತಿಗೇ ಅಂಟುತ್ತದೆ. ಈವೆಂಟ್‌ಗಳೂ ಕೇಳಿಸುತ್ತವೆ, ಹೆಸರಿನ ಜಗಳವೂ ಇಲ್ಲ. ಸಂಸ್ಥೆಯೊಳಗಿನ ಅಡ್ಮಿನ್‌ಗಳಿಗೆ ಇದರಷ್ಟು ಒಪ್ಪುವ ಏರ್ಪಾಡು ಇನ್ನೊಂದಿಲ್ಲ. ರಿಯಾಕ್ಟ್‌ಗಂತೂ ಹೀಗೆ ಹೊರಗಿನದನ್ನೇ ಬಳಸುವುದು ಬಹುಪಾಲು ಕಡ್ಡಾಯ: ವರ್ಡ್‌ಪ್ರೆಸ್‌ನ ಬ್ಲಾಕ್ ಎಡಿಟರ್ ಒಳಗೆ ನಿಮ್ಮದೇ ರಿಯಾಕ್ಟ್ ಪ್ರತಿ ತಂದು ಹುಕ್ ಬಳಸಿದರೆ ‘ಇನ್‌ವ್ಯಾಲಿಡ್ ಹುಕ್ ಕಾಲ್’ ಎದುರಾಗುತ್ತದೆ. ಹುಕ್‌ಗಳು ಕಾಂಪೊನೆಂಟನ್ನು ರೆಂಡರ್ ಮಾಡುತ್ತಿರುವ ಪ್ರತಿಯನ್ನೇ ಕೇಳಬೇಕು, ಅವು ಕೇಳುತ್ತಿರುವುದು ಬೇರೊಂದನ್ನು.

ಗಾತ್ರದ ಚಿಂತೆ ಬೇಡ. ಜೆಕ್ವೆರಿ 3.7.1 ಮಿನಿಫೈ ಆದಾಗ ಸುಮಾರು 87 ಕಿಲೋಬೈಟ್, ಜಿಜಿಪ್ ಆದಾಗ 30ರ ಆಸುಪಾಸು. ಅಡ್ಮಿನ್‌ನಲ್ಲಿ ಅದು ಯಾರಿಗೂ ಭಾರವಲ್ಲ.

ಬಂಡಲ್ ಸಿಎಸ್ಎಸ್ ಅನ್ನು ಬೇರ್ಪಡಿಸುವುದಿಲ್ಲ ಎಂಬುದು ನೆನಪಿರಲಿ. ಎರಡು ಸೆಲೆಕ್ಟ್2 ಆವೃತ್ತಿಗಳ ಜಾವಾಸ್ಕ್ರಿಪ್ಟ್ ಪಕ್ಕಾ ಬೇರೆಯಾಗಿದ್ದರೂ ಕ್ಲಾಸ್ ಹೆಸರುಗಳು ಒಂದೇ. ಕೊನೆಗೆ ಬಂದ ಸ್ಟೈಲ್‌ಶೀಟ್ ಎರಡನ್ನೂ ಬಣ್ಣ ಬಳಿಯುತ್ತದೆ.

ಎಎಂಡಿ ಎಂಬ ಅಡಗಿದ ಕಳ್ಳ, $ ಅಲ್ಲದ ಜಗಳಗಳು

ಎಎಂಡಿ ಎಂದರೆ ಸ್ಕ್ರಿಪ್ಟ್‌ಗಳನ್ನು ಮಾಡ್ಯೂಲ್‌ಗಳಾಗಿ ನೋಂದಾಯಿಸುವ ಹಳೆಯ ಪದ್ಧತಿ. ಪುಟದಲ್ಲಿ ರಿಕ್ವೈರ್‌ಜೆಎಸ್ ಅಥವಾ ಎಎಂಡಿ ಲೋಡರ್ ಇರುವ ಕೋಡ್ ಎಡಿಟರ್ ಬಂದಿದ್ದರೆ, ಅದರ ನಂತರ ಬರುವ ಯುಎಂಡಿ ಲೈಬ್ರರಿಗಳು (ಎಎಂಡಿ ಇದ್ದರೆ ಅದನ್ನು, ಇಲ್ಲದಿದ್ದರೆ ಗ್ಲೋಬಲ್ ಹೆಸರನ್ನು ಬಳಸುವಂಥವು) ಡಿಫೈನ್.ಎಎಂಡಿ ಕಂಡು ಅಲ್ಲಿ ನೋಂದಣಿಯಾಗಿ ಹೋಗುತ್ತವೆ, ಗ್ಲೋಬಲ್ ಹೆಸರು ಹುಟ್ಟುವುದಿಲ್ಲ. ಫೈಲ್ 200 ಎಂದು ಲೋಡ್ ಆಗಿದೆ, ವಸ್ತು ಮಾತ್ರ ಇಲ್ಲ! ‘ಮಿಸ್‌ಮ್ಯಾಚ್ಡ್ ಅನಾನಿಮಸ್ ಡಿಫೈನ್’ ಎಂಬ ಸಂದೇಶ ಕಂಡರೆ ಖಚಿತ. ಲೋಡರ್ ಅನ್ನು ಕೊನೆಗೆ ತನ್ನಿ, ಅಥವಾ ನಿಮ್ಮ ಲೈಬ್ರರಿಯನ್ನು ಬಂಡಲ್ ಮಾಡಿ.

ಅಂಡರ್‌ಸ್ಕೋರ್ ಮತ್ತು ಲೋಡ್ಯಾಶ್ ಎರಡೂ _ ಮೇಲೆ ಕೂರುತ್ತವೆ. ವರ್ಡ್‌ಪ್ರೆಸ್‌ನ ಮೀಡಿಯಾ ಕಿಟಕಿ ಅಂಡರ್‌ಸ್ಕೋರ್ ನಂಬಿಕೊಂಡಿದೆ. ಮೇಲಿಂದ ಲೋಡ್ಯಾಶ್ 4 ಸುರಿದರೆ _.ಪ್ಲಕ್, _.ಕಂಟೇನ್ಸ್ ಕಾಣೆಯಾಗುತ್ತವೆ. ಲೋಡ್ಯಾಶ್‌ಗೂ ನೋಕಾನ್‌ಫ್ಲಿಕ್ಟ್ ಇದೆ, ಬಳಸಿ. ಬೂಟ್‌ಸ್ಟ್ರಾಪ್ ಮತ್ತು ಜೆಕ್ವೆರಿ ಯುಐ ಬಟನ್, ಟೂಲ್‌ಟಿಪ್ ಹೆಸರುಗಳಿಗೆ ಕಿತ್ತಾಡುತ್ತವೆ. ಬೂಟ್‌ಸ್ಟ್ರಾಪ್ 5ಕ್ಕೆ ಜೆಕ್ವೆರಿ ಬೇಡ, ಆದರೆ ವಿಂಡೋ ಮೇಲೆ ಜೆಕ್ವೆರಿ ಕಂಡರೆ ಹೋಗಿ ಅಂಟಿಕೊಳ್ಳುತ್ತದೆ. ಪುಟದ ಬಾಡಿ ಟ್ಯಾಗ್‌ಗೆ ಡೇಟಾ-ಬಿಎಸ್-ನೋ-ಜೆಕ್ವೆರಿ ಆಟ್ರಿಬ್ಯೂಟ್ ಹಾಕಿದರೆ ಸುಮ್ಮನಿರುತ್ತದೆ.

ದಾರಿ ನಾಲ್ಕು: ಇಎಸ್ ಮಾಡ್ಯೂಲ್

ಜಾವಾಸ್ಕ್ರಿಪ್ಟ್‌ನದೇ ಮಾಡ್ಯೂಲ್ ವ್ಯವಸ್ಥೆ ಇದು, ಹೊಸದಾಗಿ ಬರೆಯುತ್ತಿದ್ದರೆ ಚೆನ್ನ. ಮಾಡ್ಯೂಲ್‌ನೊಳಗಿನ ಹೆಸರುಗಳು ಹೊರಗೆ ಸೋರುವುದಿಲ್ಲ. 2023ರಲ್ಲಿ ಸಫಾರಿ 16.4 ಬಂದಮೇಲೆ ಇಂಪೋರ್ಟ್ ಮ್ಯಾಪ್ (ಮಾಡ್ಯೂಲ್ ಹೆಸರಿಗೆ ಫೈಲ್ ವಿಳಾಸ ಹೇಳುವ ಪಟ್ಟಿ) ಕೂಡ ಮುಖ್ಯ ಬ್ರೌಸರ್‌ಗಳಲ್ಲೆಲ್ಲ ನಡೆಯುತ್ತದೆ. ಮಾಡ್ಯೂಲ್‌ಗಳು ಪುಟ ಪಾರ್ಸ್ ಆದ ಮೇಲೆ ಓಡುತ್ತವೆ. ವಿಜೆಟ್‌ನ ಟೆಂಪ್ಲೇಟ್‌ನಲ್ಲಿ ಬರೆದ ಇನ್‌ಲೈನ್ ಸ್ಕ್ರಿಪ್ಟ್ ಅದಕ್ಕಿಂತ ಮೊದಲೇ ಓಡಿ ‘ಎಲ್ಲಿ ನನ್ನ ಫಂಕ್ಷನ್?’ ಎನ್ನುತ್ತದೆ. ಇನ್‌ಲೈನ್ ಬಿಟ್ಟು, ಎಲಿಮೆಂಟ್‌ಗೆ ಡೇಟಾ ಆಟ್ರಿಬ್ಯೂಟ್ ಕೊಟ್ಟು ಮಾಡ್ಯೂಲೇ ಹುಡುಕಿಕೊಳ್ಳಲಿ. ಜಾಂಗೋ 5.2ರಲ್ಲಿ ಮೀಡಿಯಾ ಪಟ್ಟಿಗೆ ಸ್ಕ್ರಿಪ್ಟ್ ಎಂಬ ವಸ್ತು ಬಂದಿದೆ, ಅದರಿಂದ ಟೈಪ್ ಮಾಡ್ಯೂಲ್ ಎಂಬ ಆಟ್ರಿಬ್ಯೂಟ್ ಹಾಕಬಹುದು. ಹಳೆಯ ಜೆಕ್ವೆರಿ ಪ್ಲಗಿನ್‌ಗಳಿಗೆ ಈ ದಾರಿಯಿಂದ ಏನೂ ಉಪಯೋಗವಿಲ್ಲ.

ದಾರಿ ಐದು: ಶ್ಯಾಡೋ ಡಾಮ್

ಇದರ ಬಗ್ಗೆ ಒಂದು ತಪ್ಪು ಕಲ್ಪನೆ ಗಟ್ಟಿಯಾಗಿ ಕೂತಿದೆ. ಶ್ಯಾಡೋ ಡಾಮ್ (ಒಂದು ಎಲಿಮೆಂಟ್‌ನೊಳಗೆ ಪ್ರತ್ಯೇಕವಾಗಿ ಇರಿಸಿದ ಪುಟದ ತುಣುಕು) ಸಿಎಸ್ಎಸ್ ಮತ್ತು ಸೆಲೆಕ್ಟರ್‌ಗಳಿಗೆ ಗೋಡೆ, ಜಾವಾಸ್ಕ್ರಿಪ್ಟ್ ಗ್ಲೋಬಲ್‌ಗಳಿಗೆ ಅಲ್ಲ. ಅದರೊಳಗಿನ ಕೋಡ್‌ಗೂ ವಿಂಡೋ ಅದೇ, $ ಅದೇ. ಎರಡು ಜೆಕ್ವೆರಿಗಳ ಜಗಳವನ್ನು ಇದು ಬಿಡಿಸುವುದಿಲ್ಲ. ಅಡ್ಮಿನ್‌ನ ಸ್ಟೈಲ್ ನಿಮ್ಮ ಕ್ಯಾಲೆಂಡರ್‌ನ ಟೇಬಲ್‌ಗಳನ್ನು ವಿಕಾರಗೊಳಿಸುತ್ತಿದ್ದರೆ ಮಾತ್ರ ಬಂಡಲ್ ಜೊತೆಗೆ ಬಳಸಿ.

ಬಳಸುವುದಾದರೆ ಫಾರ್ಮ್‌ಗೆ ಹೋಗುವ ಬೆಲೆಯ ಬಗ್ಗೆ ಎಚ್ಚರ: ಶ್ಯಾಡೋ ಒಳಗಿನ ಇನ್‌ಪುಟ್ ಹೊರಗಿನ ಫಾರ್ಮ್ ಜೊತೆ ಸಬ್ಮಿಟ್ ಆಗುವುದಿಲ್ಲ. ಹೊರಗೆ ಒಂದು ಹಿಡನ್ ಇನ್‌ಪುಟ್ ಇಟ್ಟು ಬೆಲೆಯನ್ನು ಅದಕ್ಕೆ ಬರೆಯುವುದು ಸರಳ ಉಪಾಯ. ಪುಟದ ಬಾಡಿ ಟ್ಯಾಗ್‌ಗೆ ಹೋಗಿ ಅಂಟುವ ಡ್ರಾಪ್‌ಡೌನ್‌ಗಳು ಗೋಡೆಯ ಆಚೆ ಬಿದ್ದು ಸ್ಟೈಲ್ ಕಳೆದುಕೊಳ್ಳುತ್ತವೆ. ಇನ್ನು ಒಂದೇ ಕಸ್ಟಮ್ ಎಲಿಮೆಂಟ್ ಹೆಸರನ್ನು ಎರಡು ಸಲ ಡಿಫೈನ್ ಮಾಡಿದರೆ ಬ್ರೌಸರ್ ಎರರ್ ಎಸೆಯುತ್ತದೆ, ಹಿಂತೆಗೆಯುವ ದಾರಿಯೂ ಇಲ್ಲ. ಡಿಫೈನ್‌ಗೆ ಮುಂಚೆ ಕಸ್ಟಮ್‌ಎಲಿಮೆಂಟ್ಸ್.ಗೆಟ್ ಕೇಳಿ.

ದಾರಿ ಆರು: ಐಫ್ರೇಮ್

ಪುಟದೊಳಗೆ ಇನ್ನೊಂದು ಪುಟ: ಪೂರ್ತಿ ಬೇರೆ ವಿಂಡೋ, ಪೂರ್ತಿ ಬೇರೆ ಲೋಕ. ಹೆಸರಿನ ತಿಕ್ಕಾಟಕ್ಕೆ ಮಾತ್ರ ಇದನ್ನು ಹಿಡಿಯುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಎತ್ತರ ನೀವೇ ಅಳೆದು ಹೊಂದಿಸಬೇಕು, ತೆರೆದ ಡ್ರಾಪ್‌ಡೌನ್ ಚೌಕಟ್ಟಿನ ಅಂಚಿಗೆ ಕತ್ತರಿಸಿಹೋಗುತ್ತದೆ, ಮಾತುಕತೆಯೆಲ್ಲ ಪೋಸ್ಟ್‌ಮೆಸೇಜ್ ಮೂಲಕ. ಜಾಂಗೋ 3.0ಯಿಂದ ಎಕ್ಸ್-ಫ್ರೇಮ್-ಆಪ್ಷನ್ಸ್ ಹೆಡರ್‌ನ ಪೂರ್ವನಿಯೋಜಿತ ಬೆಲೆ ಡಿನೈ. ನಿಮ್ಮದೇ ಸೈಟ್‌ನ ಪುಟವನ್ನು ಫ್ರೇಮ್‌ನಲ್ಲಿ ತೋರಿಸಲು ಆ ವ್ಯೂಗೆ ಸೇಮ್‌ಒರಿಜಿನ್ ಡೆಕೊರೇಟರ್ ಹಚ್ಚಬೇಕು. ಇಡೀ ಸೈಟ್‌ಗೆ ಸಡಿಲಿಸಬೇಡಿ. ಸ್ಯಾಂಡ್‌ಬಾಕ್ಸ್‌ನಲ್ಲಿ ಸ್ಕ್ರಿಪ್ಟ್ ಮತ್ತು ಸೇಮ್-ಒರಿಜಿನ್ ಎರಡನ್ನೂ ಒಟ್ಟಿಗೆ ಬಿಟ್ಟರೆ, ಅದೇ ಸೈಟ್‌ನ ಪುಟ ತನ್ನ ಸ್ಯಾಂಡ್‌ಬಾಕ್ಸನ್ನು ತಾನೇ ತೆಗೆದುಹಾಕಬಲ್ಲದು. ಬೇರೆ ತಂಡ ಬರೆದ, ನೀವು ಪೂರ್ತಿ ನಂಬದ, ದೊಡ್ಡ ಎಡಿಟರ್‌ನಂಥದ್ದನ್ನು ಕೂರಿಸುವಾಗ ಮಾತ್ರ ಈ ಖರ್ಚಿಗೆ ಅರ್ಥ ಇದೆ.

ಹಾಗಾದರೆ ಯಾವುದು?

ನಿಮ್ಮ ವಿಜೆಟ್ ಜೆಕ್ವೆರಿಯನ್ನು ಎಲಿಮೆಂಟ್ ಹುಡುಕಲು, ಕ್ಲಾಸ್ ಸೇರಿಸಲು, ಸರ್ವರ್‌ನಿಂದ ಒಂದಿಷ್ಟು ತರಲು ಮಾತ್ರ ಬಳಸುತ್ತಿದ್ದರೆ ಈ ಆರೂ ದಾರಿಗಳನ್ನು ಬಿಟ್ಟು ಜೆಕ್ವೆರಿಯನ್ನೇ ಕೈಬಿಡಿ. ಕ್ವೆರಿಸೆಲೆಕ್ಟರ್, ಕ್ಲಾಸ್‌ಲಿಸ್ಟ್, ಕ್ಲೋಸೆಸ್ಟ್, ಫೆಚ್ ಸಾಕು. ನೂರು ಸಾಲಿನ ವಿಜೆಟ್ ಅರ್ಧ ದಿನದ ಕೆಲಸ, ಆಮೇಲೆ ಯಾವ ಅಪ್‌ಗ್ರೇಡ್‌ಗೂ ಹೆದರಬೇಕಿಲ್ಲ. ಅಡ್ಮಿನ್‌ನ ಜೆಕ್ವೆರಿ ಟ್ರಿಗರ್‌ಗಳನ್ನು ಕೇಳುವ ಒಂದು ಸಾಲಿಗೆ ಮಾತ್ರ ಜಾಂಗೋ.ಜೆಕ್ವೆರಿ ಮುಟ್ಟಿ.

ಅಡ್ಮಿನ್‌ನ ಈವೆಂಟ್‌ಗಳೂ ಪ್ಲಗಿನ್‌ಗಳೂ ಬೇಕು, ನಿಮ್ಮ ಪ್ಲಗಿನ್ 3.x ಜೊತೆ ಹೊಂದುತ್ತದೆ: ದಾರಿ ಒಂದು, ಅಥವಾ ಇಂಪೋರ್ಟನ್ನು ಅಡ್ಮಿನ್‌ನ ಪ್ರತಿಗೆ ತಿರುಗಿಸಿದ ಬಂಡಲ್. ಪ್ಲಗಿನ್ ಹಳೆಯದು, ಹಂಚಿಕೊಳ್ಳುವುದು ಒಂದು ಇನ್‌ಪುಟ್‌ನ ಬೆಲೆ ಮಾತ್ರ: ಖಾಸಗಿ ಪ್ರತಿ ಸಮೇತ ಬಂಡಲ್, ಹೊರಕ್ಕೆ ನಿಜವಾದ ಚೇಂಜ್ ಈವೆಂಟ್. ಬಂಡಲರ್ ಇಡಲು ಆಗದ ಹಳೆಯ ಪ್ರಾಜೆಕ್ಟ್: ಮೂರನ್ನೂ ಒಂದೇ ಫೈಲ್‌ಗೆ ಅಂಟಿಸಿದ ದಾರಿ ಎರಡು. ಬೇರೆಯವರು ಹತ್ತಾರು ಆವೃತ್ತಿಗಳ ಮೇಲೆ ಹಾಕಿಕೊಳ್ಳುವ ಪ್ಯಾಕೇಜ್ ಬರೆಯುತ್ತಿದ್ದರೆ ಅಡ್ಮಿನ್‌ನ ಆವೃತ್ತಿಯನ್ನು ನಂಬಲೇಬೇಡಿ. ಪ್ಲಗಿನ್ ಹಳೆಯದೂ ಹೌದು, ಅಡ್ಮಿನ್‌ನ ಹತ್ತಾರು ಈವೆಂಟ್‌ಗಳೂ ಬೇಕು ಎಂಬ ಸ್ಥಿತಿ ಬಂದರೆ, ಸೇತುವೆಗಳ ಮೇಲೆ ಸೇತುವೆ ಕಟ್ಟುವುದಕ್ಕಿಂತ ಪ್ಲಗಿನ್ ಬದಲಿಸಿ.

ಯಾವ ದಾರಿ ಹಿಡಿದರೂ ಬಿಡುಗಡೆಗೆ ಮುಂಚೆ ಒಂದೇ ಪುಟದಲ್ಲಿ ಇಷ್ಟನ್ನು ಓಡಿಸಿ ನೋಡಿ: ಡೀಬಗ್ ಫಾಲ್ಸ್ ಇಟ್ಟು ಸ್ಟ್ಯಾಟಿಕ್ ಫೈಲ್ ಕಲೆಹಾಕಿ, ಫಾರ್ಮ್‌ನಲ್ಲಿ ನಿಮ್ಮ ವಿಜೆಟ್ ಎರಡು ಸಲ, ಜೊತೆಗೊಂದು ಆಟೋಕಂಪ್ಲೀಟ್ ಫೀಲ್ಡ್, ಒಂದು ಇನ್‌ಲೈನ್ ಇರಲಿ, ಇನ್‌ಲೈನ್‌ಗೆ ಎರಡು ಸಾಲು ಸೇರಿಸಿ ಒಂದನ್ನು ಅಳಿಸಿ, ಪ್ಲಸ್ ಒತ್ತಿ ಪಾಪ್‌ಅಪ್‌ನಿಂದ ದಾಖಲೆ ಸೇರಿಸಿ, ವಿಜೆಟ್‌ಗೆ ಅದು ತಿಳಿಯಿತೇ ನೋಡಿ, ಕೊನೆಗೆ ಕನ್ಸೋಲ್‌ನಲ್ಲಿ ಜಾಂಗೋ.ಜೆಕ್ವೆರಿಯ ಆವೃತ್ತಿ ಕೇಳಿ. ಅಡ್ಮಿನ್ ಜೊತೆ ಬಂದ ಸಂಖ್ಯೆ ಬಿಟ್ಟು ಬೇರೆ ಬಂದರೆ ಎರಡನೇ ದಾರಿಯ ಅದಲುಬದಲು ನಡೆದಿದೆ ಎಂದೇ ಅರ್ಥ, ಮೀಡಿಯಾ ಪಟ್ಟಿಯ ಕ್ರಮಕ್ಕೆ ಮರಳಿ.